ಸೂತ್ರದ ಹೆರಾನ್, ಯಂತ್ರದ ಹೆರಾನ್

ಪ್ರಶ್ನೆ: ನನ್ನ ಮಗಳು ಒಂಬತ್ತನೇ ಕ್ಲಾಸು. ಗಣಿತದಲ್ಲಿ ಹೆರಾನನ ಸೂತ್ರ ಬಂದಿದೆ. ‘ಈ ಹೆರಾನ್ ಯಾರಪ್ಪಾ?’ ಅಂತ ಕೇಳಿದಳು. ಹುಡುಕಿ ನೋಡಿದರೆ ಎರಡು ಸಾವಿರ ವರ್ಷದ ಹಿಂದೆಯೇ ಸ್ಟೀಮ್ ಎಂಜಿನ್, ನಾಣ್ಯ ಹಾಕಿದರೆ ನೀರು ಕೊಡುವ ಯಂತ್ರ, ರೋಬೋಟ್ ಎಲ್ಲ ಮಾಡಿದ್ದ ಅಂತ ಬರುತ್ತದೆ. ಸೂತ್ರದವನೂ ಯಂತ್ರದವನೂ ಒಬ್ಬನೇನಾ? ಸ್ಟೀಮ್ ಎಂಜಿನ್ ಮಾತು ನಿಜವಾದರೆ ರೈಲು ಆಗಲೇ ಯಾಕೆ ಬರಲಿಲ್ಲ? ಮಗಳಿಗೆ ಮನೆಯಲ್ಲೇ ಮಾಡಿ ತೋರಿಸುವಂಥದ್ದು ಏನಾದರೂ ಇದೆಯಾ?

ಉತ್ತರ: ನಿಮ್ಮ ಮಗಳ ಪ್ರಶ್ನೆ ನನಗೆ ತುಂಬಾ ಇಷ್ಟವಾಯಿತು. ಸೂತ್ರ ಬಾಯಿಪಾಠ ಮಾಡುವ ಮಕ್ಕಳು ಬಹಳ. ಅದರ ಹಿಂದಿನ ಮನುಷ್ಯ ಯಾರು ಎಂದು ಕೇಳುವವರು ಕಡಿಮೆ.

ಹೌದು, ಇಬ್ಬರೂ ಒಬ್ಬನೇ. ಅಲೆಕ್ಸಾಂಡ್ರಿಯದ ಹೆರಾನ್. ಈಜಿಪ್ಟಿನ ಕಡಲ ದಂಡೆಯ ಈ ಊರನ್ನು ಕ್ರಿ.ಪೂ. 331ರಲ್ಲಿ ಅಲೆಕ್ಸಾಂಡರ್ ಕಟ್ಟಿಸಿದ. ಹೆರಾನನ ಕಾಲಕ್ಕೆ ಅದು ರೋಮನ್ನರ ಕೈಯಲ್ಲಿತ್ತು. ಆದರೆ ಓದು ಬರಹ ನಡೆಯುತ್ತಿದ್ದದ್ದು ಗ್ರೀಕಿನಲ್ಲೇ. ಆತ ಬರೆದದ್ದೂ ಗ್ರೀಕಿನಲ್ಲೇ.

ಆತನ ಹುಟ್ಟು, ಮನೆತನ, ಸಾವಿನ ಬಗ್ಗೆ ಆ ಕಾಲದವರು ಬರೆದ ಒಂದು ಸಾಲೂ ಉಳಿದಿಲ್ಲ. ಉಳಿದಿರುವುದು ಆತನ ಪುಸ್ತಕಗಳು ಮಾತ್ರ. ಹಾಗಾದರೆ ಕಾಲ ಹೇಗೆ ಗೊತ್ತಾಯಿತು? ಇದೇ ಒಂದು ಚಂದದ ಕಥೆ. ನೆಲ ಅಳೆಯುವ ಉಪಕರಣದ ಬಗ್ಗೆ ಬರೆದ ಪುಸ್ತಕದಲ್ಲಿ ಹೆರಾನ್ ಒಂದು ಲೆಕ್ಕ ಕೊಡುತ್ತಾನೆ: ಅಲೆಕ್ಸಾಂಡ್ರಿಯದಿಂದ ರೋಮ್ ಎಷ್ಟು ದೂರ? ನಡುವೆ ಸಮುದ್ರ ಇದೆ, ಹಗ್ಗ ಹಿಡಿಯುವ ಹಾಗಿಲ್ಲ. ಅದಕ್ಕೆ ಆತನ ಉಪಾಯ ಚಂದ್ರಗ್ರಹಣ. ಗ್ರಹಣ ಎರಡೂ ಊರಲ್ಲಿ ಒಂದೇ ಗಳಿಗೆಗೆ ಕಾಣುತ್ತದೆ. ಆದರೆ ಆ ಗಳಿಗೆಯಲ್ಲಿ ಎರಡು ಊರಿನ ಹೊತ್ತು ಬೇರೆ ಬೇರೆ. ಆ ವ್ಯತ್ಯಾಸ ಹಿಡಿದು ದೂರಕ್ಕೆ ಹೋಗಬಹುದು. ಉದಾಹರಣೆಗೆ ಆತ ಕೊಟ್ಟ ಗ್ರಹಣ ವಸಂತದಲ್ಲಿ ಹಗಲು ರಾತ್ರಿ ಸಮನಾಗುವ ದಿನಕ್ಕೆ ಹತ್ತು ದಿನ ಮೊದಲು, ಅಲೆಕ್ಸಾಂಡ್ರಿಯದಲ್ಲಿ ಸೂರ್ಯ ಮುಳುಗಿದ ಮೇಲಿನ ಐದನೇ ಗಂಟೆಯಲ್ಲಿ ಆದದ್ದು. 1938ರಲ್ಲಿ ಗಣಿತ ಇತಿಹಾಸಕಾರ ಓಟೋ ನೊಯ್ಗೆಬಾವರ್ ಹಳೆಯ ಗ್ರಹಣಗಳ ಲೆಕ್ಕ ಹಾಕಿ, ಇದಕ್ಕೆ ಹೊಂದುವುದು ಕ್ರಿ.ಶ. 62ರ ಮಾರ್ಚ್ 13ರ ಗ್ರಹಣ ಎಂದು ತೋರಿಸಿದರು. ಅಲ್ಲಿಂದ ಈಚೆಗೆ ಹೆಚ್ಚಿನ ವಿದ್ವಾಂಸರು ಹೆರಾನನನ್ನು ಒಂದನೇ ಶತಮಾನದವನು ಎನ್ನುತ್ತಾರೆ. ಒಬ್ಬ ಮೇಷ್ಟ್ರು ಉದಾಹರಣೆಗೆಂದು ಕೊಟ್ಟ ಲೆಕ್ಕವೇ ಆತನ ಕಾಲವನ್ನು ಹೇಳಿಬಿಟ್ಟಿತು!

ಮೇಷ್ಟ್ರು ಎಂದು ಸುಮ್ನೆ ಹೇಳಲಿಲ್ಲ. ಆತನ ಬರವಣಿಗೆ ಓದಿದರೆ ಪಾಠದ ಟಿಪ್ಪಣಿ ಓದಿದ ಹಾಗಿರುತ್ತದೆ. ಇಂಥ ಅಳತೆ ತಗೊಳ್ಳಿ, ಇಲ್ಲಿ ತೂತು ಕೊರೆಯಿರಿ, ಇಲ್ಲಿ ಬೆಸುಗೆ ಹಾಕಿ ಎಂದು ಹೆಜ್ಜೆ ಹೆಜ್ಜೆಗೂ ಹೇಳುತ್ತಾನೆ. ಇನ್ನೊಂದು ಗುಣ ನನಗೆ ದೊಡ್ಡದಾಗಿ ಕಾಣುತ್ತದೆ. ಗಾಳಿ ಮತ್ತು ನೀರಿನ ಯಂತ್ರಗಳ ಪುಸ್ತಕದ ಮೊದಲಲ್ಲೇ, ಹಿಂದಿನವರು ಬಿಟ್ಟುಹೋದದ್ದನ್ನು ಜೋಡಿಸಿ ನನ್ನದನ್ನೂ ಸೇರಿಸುತ್ತೇನೆ ಎಂದು ಹೇಳಿಕೊಳ್ಳುತ್ತಾನೆ. ಆ ಹಿಂದಿನವರಲ್ಲಿ ದೊಡ್ಡವರು ಕ್ಟೆಸಿಬಿಯಸ್ ಮತ್ತು ಬೈಜಾಂಟಿಯಮ್‌ನ ಫಿಲೋ, ಇಬ್ಬರೂ ಕ್ರಿ.ಪೂ. ಮೂರನೇ ಶತಮಾನದವರು. ಕ್ಟೆಸಿಬಿಯಸ್ ಅಲೆಕ್ಸಾಂಡ್ರಿಯದ ಒಬ್ಬ ಕ್ಷೌರಿಕನ ಮಗ. ನೀರೆತ್ತುವ ಪಂಪು, ನೀರಿನ ಆರ್ಗನ್ ವಾದ್ಯ ಆತನವು. ಆದ್ದರಿಂದ ‘ಹೆರಾನ್ ಕಂಡುಹಿಡಿದ’ ಎಂದು ನೀವು ಓದಿದ ಕಡೆಯಲ್ಲೆಲ್ಲ ‘ಹೆರಾನ್ ಬರೆದಿಟ್ಟ’ ಎಂದು ಓದಿಕೊಂಡರೆ ಸತ್ಯಕ್ಕೆ ಹತ್ತಿರ. ಇದರಿಂದ ಆತ ಸಣ್ಣವನಾಗುವುದಿಲ್ಲ. ಕ್ಟೆಸಿಬಿಯಸ್ ಬರೆದದ್ದು ಒಂದೂ ಉಳಿಯಲಿಲ್ಲ. ಹೆರಾನನದು ಉಳಿಯಿತು.

ಈಗ ಸೂತ್ರಕ್ಕೆ ಬರೋಣ, ಮಗಳ ಪರೀಕ್ಷೆಗೂ ಆಗುತ್ತದೆ. ತ್ರಿಕೋನದ ವಿಸ್ತೀರ್ಣಕ್ಕೆ ಪಾದ ಮತ್ತು ಎತ್ತರ ಬೇಕು ಎಂದು ಎಂಟನೇ ಕ್ಲಾಸಿನವರೆಗೆ ಕಲಿಯುತ್ತೇವೆ. ಕಾಗದದ ಮೇಲೆ ಎತ್ತರ ಎಳೆಯುವುದು ಸುಲಭ. ಹೊಲದಲ್ಲಿ? ನಡುವೆ ಪೈರು ಇರುತ್ತದೆ, ಬಾವಿ ಇರುತ್ತದೆ, ಬಂಡೆ ಇರುತ್ತದೆ. ಆದರೆ ಬದುವಿನ ಮೇಲೆ ನಡೆದು ಮೂರು ಬದಿ ಅಳೆಯುವುದು ಯಾರಿಂದಲೂ ಆಗುತ್ತದೆ. ಮೂರು ಬದಿ ಗೊತ್ತಿದ್ದರೆ ಸಾಕು, ವಿಸ್ತೀರ್ಣ ಹೇಳುತ್ತೇನೆ ಎನ್ನುವುದೇ ಈ ಸೂತ್ರ. ಇದು ನೆಲ ಅಳೆಯುವವನ ಸೂತ್ರ. ಹಾಗೆ ನೋಡಿದರೆ ತಕ್ಷಣ ಅರ್ಥವಾಗುತ್ತದೆ, ಅಲ್ವಾ?

ಹೆರಾನ್ ಕೊಟ್ಟ ಉದಾಹರಣೆಯನ್ನೇ ಮಾಡೋಣ. ಬದಿಗಳು 7, 8, 9. ಮೂರನ್ನೂ ಕೂಡಿದರೆ 24, ಅರ್ಧ 12. ಆ 12ರಿಂದ ಒಂದೊಂದು ಬದಿ ಕಳೆದರೆ 5, 4, 3. ಈಗ 12, 5, 4, 3 ನಾಲ್ಕನ್ನೂ ಗುಣಿಸಿದರೆ 720. ಅದರ ವರ್ಗಮೂಲವೇ ವಿಸ್ತೀರ್ಣ. ಆದರೆ 720ಕ್ಕೆ ಸರಿಯಾದ ವರ್ಗಮೂಲ ಇಲ್ಲ. ಹೆರಾನ್ ಅಲ್ಲಿಗೆ ಬಿಡಲಿಲ್ಲ. 720ಕ್ಕೆ ಹತ್ತಿರದ ವರ್ಗ 729, ಅದರ ಮೂಲ 27. 720ನ್ನು 27ರಿಂದ ಭಾಗಿಸು, 26 ಮತ್ತು ಮೂರನೇ ಎರಡು ಬರುತ್ತದೆ. ಇದಕ್ಕೆ 27 ಕೂಡಿಸಿ ಅರ್ಧ ಮಾಡು. ಬಂದದ್ದು 26 ಮತ್ತು ಆರನೇ ಐದು. ಇದನ್ನು ವರ್ಗ ಮಾಡಿ ನೋಡಿದರೆ 720ಕ್ಕಿಂತ ಬರೀ 36ನೇ ಒಂದು ಭಾಗ ಜಾಸ್ತಿ. ಇನ್ನೂ ಸರಿಯಾಗಿ ಬೇಕಾದರೆ 729ರ ಜಾಗದಲ್ಲಿ ಈ ಹೊಸ ವರ್ಗ ಇಟ್ಟು ಮತ್ತೆ ಮಾಡು ಎನ್ನುತ್ತಾನೆ. ಕಂಪ್ಯೂಟರಿಗೆ ವರ್ಗಮೂಲ ಹೇಳಿಕೊಡುವವರು ಇವತ್ತಿಗೂ ಮೊದಲು ಹೇಳುವ ದಾರಿ ಇದೇ.

ನಮ್ಮ ಕಡೆಯ ಮೋಜಣಿಗೆ ಇದನ್ನು ಹೊಂದಿಸಿ ನೋಡಿ. ಹಳೆಯ ಸರಪಳಿ 33 ಅಡಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಇದ್ದರೆ ಒಂದು ಗುಂಟೆ. ಹಾಗಾದರೆ 7, 8, 9 ಸರಪಳಿ ಬದಿಯ ಮೂಲೆ ಹೊಲ 26 ಗುಂಟೆ, ಮೇಲೆ ಸುಮಾರು 13 ಆಣೆ. ಮಗಳಿಗೆ ನಿಮ್ಮ ಪಹಣಿ ತೋರಿಸಿ, ಎಕರೆ, ಗುಂಟೆ, ಆಣೆ ಎಲ್ಲಿ ಬರೆದಿದೆ ಎಂದು ಹುಡುಕಲು ಹೇಳಿ. ಅಲ್ಲಿಂದ ಈ ಸೂತ್ರ ಅವಳಿಗೆ ಮರೆಯುವುದಿಲ್ಲ.

ಈ ಸೂತ್ರದ ಬಗ್ಗೆ ಇನ್ನೆರಡು ಮಾತು. ಹತ್ತನೇ ಶತಮಾನದ ಕೊನೆಗೆ ಹುಟ್ಟಿದ ಅಲ್ ಬಿರೂನಿ ಎಂಬ ದೊಡ್ಡ ವಿದ್ವಾಂಸ ಇದನ್ನು ಆರ್ಕಿಮಿಡೀಸನದು ಎಂದು ಬರೆದಿದ್ದಾನೆ. ಆದರೆ ಸೂತ್ರ ಯಾಕೆ ಸರಿ ಎನ್ನುವ ಸಾಧನೆ ನಮಗೆ ಪೂರ್ತಿಯಾಗಿ ಸಿಗುವುದು ಹೆರಾನನಲ್ಲಿ. ಎರಡನೆಯದು, ಸೂತ್ರ ಇರುವ ಆ ಪುಸ್ತಕವೇ ಕಳೆದುಹೋಗಿತ್ತು. 1896ರಲ್ಲಿ ರಿಚರ್ಡ್ ಶೋನ ಎಂಬ ಜರ್ಮನ್ ವಿದ್ವಾಂಸ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಒಂದು ಹಸ್ತಪ್ರತಿ ಕಂಡರು. ಆತನ ಮಗ ಹರ್ಮನ್ ಶೋನ 1903ರಲ್ಲಿ ಅದನ್ನು ಅಚ್ಚು ಹಾಕಿಸಿದರು.

ನಮ್ಮ ನೆಲದಲ್ಲೂ ಇದೇ ನಿಯಮ ಇತ್ತು. ಬ್ರಹ್ಮಗುಪ್ತ 628ರಲ್ಲಿ ಇದರ ಅಣ್ಣನಂಥ ಸೂತ್ರ ಕೊಟ್ಟ. ಅದು ವೃತ್ತದೊಳಗೆ ಕೂರುವ ನಾಲ್ಕು ಬದಿಯ ಆಕೃತಿಗೆ. ಒಂದು ಬದಿಯನ್ನು ಸೊನ್ನೆ ಮಾಡಿದರೆ ಅದು ತ್ರಿಕೋನದ ಸೂತ್ರವೇ ಆಗುತ್ತದೆ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೇ ಶತಮಾನದಲ್ಲಿ, ಮಹಾವೀರಾಚಾರ್ಯ ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಬದಿಗಳ ಮೊತ್ತದ ಅರ್ಧ ತೆಗೆದುಕೊಂಡು ಒಂದೊಂದೇ ಬದಿ ಕಳೆಯುವ ಇದೇ ನಿಯಮ ಹೇಳುತ್ತಾನೆ. ಇದನ್ನೂ ಮಗಳಿಗೆ ಹೇಳಿ.

ಇನ್ನು ನೀವು ಸ್ಟೀಮ್ ಎಂಜಿನ್ ಎಂದು ಓದಿದ್ದು, ಅಂದರೆ ಹೆರಾನನ ಆವಿಯ ಚೆಂಡು. ಮುಚ್ಚಳ ಬಿಗಿದ ಒಂದು ಕೊಪ್ಪರಿಗೆ, ಒಳಗೆ ನೀರು, ಕೆಳಗೆ ಬೆಂಕಿ. ಮುಚ್ಚಳದಿಂದ ಮೇಲೆದ್ದ ಕೊಳವೆ ಒಂದು ಟೊಳ್ಳು ಗುಂಡಿನ ಪಕ್ಕಕ್ಕೆ ಸೇರುತ್ತದೆ. ಗುಂಡು ಎರಡು ಕಡೆ ಆನಿಸಿಕೊಂಡು ತಿರುಗುವಂತಿದೆ. ಗುಂಡಿನ ಎದುರು ಬದುರು ಮೈಯಲ್ಲಿ ಎರಡು ಬಾಗಿದ ನಳಿಕೆ, ಒಂದರ ಬಾಯಿ ಈ ಕಡೆ, ಇನ್ನೊಂದರ ಬಾಯಿ ಆ ಕಡೆ. ನೀರು ಕುದಿದು ಆವಿ ಗುಂಡಿಗೆ ಹೋಗಿ ನಳಿಕೆಗಳಿಂದ ಬುಸ್ ಎಂದು ಹೊರಗೆ ಬರುತ್ತದೆ. ಆವಿ ಒಂದು ಕಡೆ ನುಗ್ಗಿದರೆ ಗುಂಡು ಅದರ ಎದುರು ದಿಕ್ಕಿಗೆ ತಿರುಗುತ್ತದೆ. ದೀಪಾವಳಿಯ ಭೂಚಕ್ರ ತಿರುಗುವುದೂ ಹೀಗೇ. ಇದು ನಿಜ, ಕಟ್ಟುಕಥೆ ಏನೂ ಅಲ್ಲ. ಈ ಕಾಲದಲ್ಲಿ ಮಾಡಿ ನೋಡಿದ ಒಂದು ಮಾದರಿ ನಿಮಿಷಕ್ಕೆ ಸುಮಾರು 1500 ಸುತ್ತು ತಿರುಗಿದೆ.

ಅಷ್ಟು ತಿರುಗಿದ್ದು ರೈಲು ಯಾಕೆ ಎಳೆಯಲಿಲ್ಲ? ವೇಗ ಇತ್ತು, ಬಲ ಇರಲಿಲ್ಲ. ಕೊಳವೆ ಗುಂಡಿಗೆ ಸೇರುವ ಜಾಗ ನೋಡಿ. ಅಲ್ಲಿ ಗುಂಡು ತಿರುಗಬೇಕು, ಆವಿಯೂ ಸೋರಬಾರದು. ಬಿಗಿ ಮಾಡಿದರೆ ತಿಕ್ಕಾಟಕ್ಕೆ ಗುಂಡು ನಿಲ್ಲುತ್ತದೆ. ಸಡಿಲ ಮಾಡಿದರೆ ಆವಿ ಅಲ್ಲೇ ಹೋಗಿಬಿಡುತ್ತದೆ. ಸುಟ್ಟ ಸೌದೆಯ ಶಾಖದಲ್ಲಿ ಕೆಲಸಕ್ಕೆ ಸಿಗುವುದು ಎಲ್ಲೋ ಚೂರುಪಾರು. ಒಬ್ಬ ಮನುಷ್ಯ ಕೈಯಲ್ಲಿ ತಿರುಗಿಸಿದರೆ ಅದಕ್ಕಿಂತ ಜಾಸ್ತಿ ಕೆಲಸ ಆಗುತ್ತದೆ.

ಇನ್ನೂ ಮುಖ್ಯವಾದ ಮಾತು ಇದೆ. ಮುಂದೆ ಬಂದ ಸ್ಟೀಮ್ ಎಂಜಿನ್ ಈ ಚೆಂಡಿನ ಮೊಮ್ಮಗ ಅಲ್ಲ. ಅದರ ದಾರಿಯೇ ಬೇರೆ. 1712ರಲ್ಲಿ ಇಂಗ್ಲೆಂಡಿನ ಡಡ್ಲಿ ಹತ್ತಿರ, ಗಣಿಯ ನೀರೆತ್ತಲು ಥಾಮಸ್ ನ್ಯೂಕೊಮೆನ್ ನಿಲ್ಲಿಸಿದ ಯಂತ್ರದಲ್ಲಿ ಕೆಲಸ ಮಾಡಿದ್ದು ಆವಿಯ ನೂಕು ಅಲ್ಲ, ಹೊರಗಿನ ಗಾಳಿಯ ಒತ್ತಡ. ಸಿಲಿಂಡರಿಗೆ ಆವಿ ತುಂಬಿ, ತಣ್ಣೀರು ಚಿಮುಕಿಸಿದರೆ ಆವಿ ನೀರಾಗಿ ಒಳಗೆ ನಿರ್ವಾತ. ಆಗ ಗಾಳಿಯೇ ಪಿಸ್ಟನ್ನನ್ನು ಒತ್ತಿ ಕೆಳಗಿಳಿಸುತ್ತದೆ. ಗಾಳಿಗೆ ಅಷ್ಟು ಒತ್ತಡ ಇದೆ ಎಂದು ಟೊರಿಸೆಲ್ಲಿಯ ಪಾದರಸದ ಪ್ರಯೋಗ ತೋರಿಸಿದ್ದು 1640ರ ದಶಕದಲ್ಲಿ. ಹೆರಾನನಿಗೆ ಆ ತಿಳಿವಳಿಕೆ ಸಿಕ್ಕಿರಲಿಲ್ಲ. ಇಷ್ಟಾದರೂ ನ್ಯೂಕೊಮೆನ್ ಯಂತ್ರ ಕಲ್ಲಿದ್ದಲನ್ನು ಎಷ್ಟು ನುಂಗುತ್ತಿತ್ತೆಂದರೆ ಅದನ್ನು ಸಾಕಲು ಕಲ್ಲಿದ್ದಲ ಗಣಿಯ ಬಾಯಲ್ಲೇ ಸಾಧ್ಯವಿತ್ತು. ಸೌದೆಗೇ ಬರ ಇದ್ದ ಈಜಿಪ್ಟಿನಲ್ಲಿ ಅಂಥದ್ದನ್ನು ಯಾರು ಸಾಕುತ್ತಿದ್ದರು? ಜೇಮ್ಸ್ ವಾಟ್‌ಗೆ ಕೂಡ ಗಾಳಿ ಸೋರದ ಸಿಲಿಂಡರ್ ಸಿಕ್ಕಿದ್ದು 1774ರಲ್ಲಿ ಜಾನ್ ವಿಲ್ಕಿನ್ಸನ್ ಕೊರೆಯುವ ಯಂತ್ರ ಮಾಡಿದ ಮೇಲೆ.

‘ಗುಲಾಮರಿದ್ದರು, ಆದ್ದರಿಂದ ಯಂತ್ರ ಬೇಕಿರಲಿಲ್ಲ’ ಎಂಬ ಉತ್ತರವೂ ನಿಮಗೆ ಸಿಗಬಹುದು. ನಾನು ಅದನ್ನು ಪೂರ್ತಿ ಒಪ್ಪುವುದಿಲ್ಲ. ಕೆಲಸಕ್ಕೆ ಬರುವ ಯಂತ್ರ ಕಂಡಾಗ ರೋಮನ್ನರು ಬಿಡಲಿಲ್ಲ. ಫ್ರಾನ್ಸಿನ ಆರ್ಲ್ ಹತ್ತಿರ ಬಾರ್ಬೆಗಾಲ್ ಎಂಬಲ್ಲಿ, ಎರಡನೇ ಶತಮಾನದಲ್ಲಿ, ಗುಡ್ಡದ ಇಳಿಜಾರಿನಲ್ಲಿ 16 ನೀರಿನ ಚಕ್ರಗಳನ್ನು ಸಾಲಾಗಿ ನಿಲ್ಲಿಸಿ ಹಿಟ್ಟು ಬೀಸಿದ್ದಾರೆ. ಗುಲಾಮರು ಆಗಲೂ ಇದ್ದರು.

ನನ್ನನ್ನು ಬಹಳ ದಿನ ಕಾಡಿದ್ದು ಬೇರೆ ಒಂದು ವಿಷಯ. ಆವಿಯ ಚೆಂಡು ಇರುವ ಅದೇ ಪುಸ್ತಕದಲ್ಲಿ ಬೆಂಕಿ ಆರಿಸುವ ಪಂಪು ಕೂಡ ಇದೆ. ಎರಡು ಕಂಚಿನ ಸಿಲಿಂಡರ್, ಕಡೆದು ನಯ ಮಾಡಿದ ಪಿಸ್ಟನ್, ಒಮ್ಮುಖ ಕವಾಟ, ಇಬ್ಬರು ಎದುರು ಬದುರು ನಿಂತು ಒತ್ತುವ ಸನ್ನೆ, ಬೇಕಾದ ಕಡೆ ತಿರುಗಿಸುವ ಮೂತಿ. ಅಂದರೆ ಆವಿಯೂ ಇತ್ತು, ಪಿಸ್ಟನ್ನೂ ಇತ್ತು, ಒಂದೇ ಪುಸ್ತಕದ ಬೇರೆ ಬೇರೆ ಪುಟಗಳಲ್ಲಿ. ಎರಡನ್ನೂ ಜೋಡಿಸುವ ಕಾರಣ ಇನ್ನೂ ಹುಟ್ಟಿರಲಿಲ್ಲ. ಈ ಪಂಪು ಮಾತ್ರ ಆಟದ ಸಾಮಾನಲ್ಲ. ರೋಮನ್ ಕಾಲದ ಇಂಥ ಕಂಚಿನ ಪಂಪುಗಳು ನೆಲದಡಿ ಸಿಕ್ಕಿವೆ. ಸ್ಪೇನಿನ ಒಂದು ಗಣಿಯಲ್ಲಿ ಸಿಕ್ಕಿದ್ದು ಈಗ ಮ್ಯಾಡ್ರಿಡ್‌ನ ಮ್ಯೂಸಿಯಮ್ಮಿನಲ್ಲಿದೆ.

ನಾಣ್ಯದ ಯಂತ್ರವೂ ನಿಜ. ದೇವಸ್ಥಾನದ ಬಾಗಿಲಲ್ಲಿ ತೀರ್ಥದ ಪಾತ್ರೆ. ಮೇಲಿನ ಸಂದಿಯಲ್ಲಿ ಐದು ಡ್ರಾಕ್ಮದ ನಾಣ್ಯ ಹಾಕಿದರೆ ಅದು ಒಳಗಿನ ಸನ್ನೆಯ ತಟ್ಟೆ ಮೇಲೆ ಬೀಳುತ್ತದೆ. ತಟ್ಟೆ ಬಗ್ಗಿ ಬಿರಡೆ ಏಳುತ್ತದೆ, ನೀರು ಬರುತ್ತದೆ. ನಾಣ್ಯ ಜಾರಿ ಬಿದ್ದ ಕೂಡಲೇ ಬಿರಡೆ ಮುಚ್ಚಿಕೊಳ್ಳುತ್ತದೆ. ಬಲಿಪೀಠದಲ್ಲಿ ಬೆಂಕಿ ಹಚ್ಚಿದರೆ ಗರ್ಭಗುಡಿಯ ಬಾಗಿಲು ತಾನಾಗಿ ತೆರೆಯುವುದೂ ಇದೆ. ಅಲ್ಲಿ ಬಿಸಿಗಾಳಿ ಹಿಗ್ಗಿ ನೀರನ್ನು ಬಕೆಟ್ಟಿಗೆ ತಳ್ಳುತ್ತದೆ, ಬಕೆಟ್ ಭಾರವಾಗಿ ಇಳಿದು ಹಗ್ಗ ಎಳೆಯುತ್ತದೆ. ಗಾಳಿಚಕ್ರದಿಂದ ಆರ್ಗನ್ ಊದಿಸುವ ಯಂತ್ರವೂ ಉಂಟು.

ರೋಬೋಟ್ ಎಂದು ಬರೆದಿರುವುದು ಆತನ ತಾನಾಗಿ ನಡೆಯುವ ಬೊಂಬೆಯಾಟ. ಹೆರಾನನ ಯಂತ್ರಗಳಲ್ಲಿ ನನಗೆ ಅತಿ ಪ್ರಿಯವಾದದ್ದು ಇದು. ಒಂದು ಪುಟ್ಟ ರಂಗ, ಅದಕ್ಕೆ ಬಾಗಿಲು. ಬಾಗಿಲು ತೆರೆದರೆ ಗ್ರೀಕರು ಹಡಗು ಕಟ್ಟುತ್ತಿದ್ದಾರೆ, ಸುತ್ತಿಗೆಯ ಸದ್ದೂ ಕೇಳುತ್ತದೆ. ಮುಚ್ಚಿ ತೆರೆದರೆ ಹಡಗನ್ನು ನೀರಿಗೆ ಇಳಿಸುತ್ತಿದ್ದಾರೆ. ಮತ್ತೆ ತೆರೆದರೆ ಕಡಲು, ಹಡಗುಗಳ ಸಾಲು, ಪಕ್ಕದಲ್ಲಿ ನೆಗೆಯುವ ಡಾಲ್ಫಿನ್‌ಗಳು. ಆಮೇಲೆ ಬಿರುಗಾಳಿ. ನೌಪ್ಲಿಯಸ್ ಎಂಬವನು ಪಂಜು ಎತ್ತಿ ಹಡಗುಗಳಿಗೆ ದಾರಿ ತಪ್ಪಿಸುತ್ತಾನೆ. ಕೊನೆಗೆ ಗುಡುಗು ಸಿಡಿಲು, ಈಜುತ್ತಿದ್ದ ಏಜಾಕ್ಸ್ ಎಂಬ ಗ್ರೀಕ್ ವೀರ ಮಾಯ. ಶುರುವಾದ ಮೇಲೆ ಯಾರೂ ಮುಟ್ಟುವಂತಿಲ್ಲ.

ಇಷ್ಟನ್ನೂ ನಡೆಸುವುದು ಒಂದು ಸೀಸದ ತೂಕದ ಗುಂಡು. ಬೊಂಬೆಗಳನ್ನು ಹೊತ್ತು ತಾನೇ ಓಡಾಡುವ ಇನ್ನೊಂದು ಗಾಡಿಯೂ ಇದೆ, ಅದನ್ನು ನೋಡಿದರೆ ಉಪಾಯ ಬೇಗ ತಿಳಿಯುತ್ತದೆ. ಒಂದು ಕೊಳವೆಯಲ್ಲಿ ನವಣೆಯಂಥ ಸಿರಿಧಾನ್ಯ ಇಲ್ಲವೇ ಸಾಸಿವೆ ತುಂಬಿ, ಅದರ ಮೇಲೆ ಗುಂಡು ಕೂರಿಸುತ್ತಾನೆ. ತಳದ ಸಣ್ಣ ತೂತಿನಿಂದ ಕಾಳು ಸುರಿಯುತ್ತಾ ಹೋದಂತೆ ಗುಂಡು ನಿಧಾನವಾಗಿ ಇಳಿಯುತ್ತದೆ. ಗುಂಡಿಗೆ ಕಟ್ಟಿದ ದಾರ ಗಾಡಿಯ ಅಚ್ಚಿಗೆ ಸುತ್ತಿದೆ, ಗಾಡಿ ಮುಂದೆ ಹೋಗುತ್ತದೆ. ಅಚ್ಚಿನ ಗೂಟಕ್ಕೆ ಸಿಕ್ಕಿಸಿ ದಾರವನ್ನು ಎದುರು ದಿಕ್ಕಿಗೆ ಸುತ್ತಿದ್ದರೆ ಹಿಂದೆ ಬರುತ್ತದೆ. ನಡುವೆ ನಿಲ್ಲಬೇಕೇ? ಅಷ್ಟು ದಾರವನ್ನು ಸಡಿಲವಾಗಿ ಮಡಚಿ ಮೇಣದಲ್ಲಿ ಅಂಟಿಸಿಬಿಡು. ಆ ಮಡಿಕೆ ಬಿಚ್ಚಿಕೊಳ್ಳುವವರೆಗೆ ಗಾಡಿ ನಿಂತಿರುತ್ತದೆ. ಅಂದರೆ ಮುಂದೆ ಏನು ನಡೆಯಬೇಕು ಎನ್ನುವುದನ್ನೆಲ್ಲ ಮೊದಲೇ ದಾರದಲ್ಲಿ ಬರೆದಿಟ್ಟಂತೆ. ದಾರ ಬೇರೆ ರೀತಿ ಸುತ್ತಿದರೆ ನಡಿಗೆ ಬೇರೆ. ಪ್ರೋಗ್ರಾಂ ಎಂದರೆ ಇಷ್ಟೇ ತಾನೇ? ಬೊಂಬೆಯಾಟದ ಪೆಟ್ಟಿಗೆ ಚಿಕ್ಕದಾಗಿರಲಿ, ದೊಡ್ಡದಾದರೆ ಒಳಗೆ ಯಾರೋ ಕೂತು ಆಡಿಸುತ್ತಿದ್ದಾರೆ ಎಂದು ಜನ ಅನುಮಾನ ಪಡುತ್ತಾರೆ ಎಂದೂ ಎಚ್ಚರಿಸುತ್ತಾನೆ. ನೋಡುವವರ ಮನಸ್ಸು ಬಲ್ಲವನು.

ಜನ ಈ ಚಮತ್ಕಾರಗಳನ್ನೇ ಹಾಡಿ ಹೊಗಳುತ್ತಾರೆ. ಆದರೆ ಹೊಟ್ಟೆಗೆ ಹಿಟ್ಟು ಕೊಟ್ಟ ಯಂತ್ರಗಳು ಆತನ ಇನ್ನೊಂದು ಪುಸ್ತಕದಲ್ಲಿವೆ. ಭಾರ ಎತ್ತುವುದರ ಬಗ್ಗೆ ಬರೆದ ಅದರ ಗ್ರೀಕ್ ಮೂಲ ಬಹುಪಾಲು ಹೋಗಿದೆ. ಪೂರ್ತಿಯಾಗಿ ಉಳಿದಿರುವುದು ಅರಬ್ಬಿಯಲ್ಲಿ. ಬಾಲ್‌ಬೆಕ್ ಊರಿನ ಕುಸ್ತಾ ಇಬ್ನ್ ಲೂಕಾ ಒಂಬತ್ತನೇ ಶತಮಾನದಲ್ಲಿ ಮಾಡಿದ ಅನುವಾದ ಅದು. ಗಾಲಿ ಮತ್ತು ಅಚ್ಚು, ಸನ್ನೆ, ರಾಟೆ, ಬೆಣೆ, ತಿರುಪು ಎಂಬ ಐದು ಸರಳ ಯಂತ್ರಗಳ ಪಟ್ಟಿ ಅಲ್ಲಿದೆ. ಮಗಳ ಪುಸ್ತಕದಲ್ಲಿ ಇಳಿಜಾರೂ ಸೇರಿ ಆರು ಇರಬಹುದು. ಐದು ತಲೆಂಟಿನ (ತಲೆಂಟು ಆ ಕಾಲದ ತೂಕದ ಅಳತೆ) ಬಲದಿಂದ ಸಾವಿರ ತಲೆಂಟಿನ ಭಾರ ಎತ್ತುವ ಹಲ್ಲುಗಾಲಿಗಳ ಲೆಕ್ಕ ಕೊಟ್ಟು, ಬಲ ಎಷ್ಟು ಪಾಲು ಕಡಿಮೆಯೋ ಹೊತ್ತು ಅಷ್ಟು ಪಾಲು ಜಾಸ್ತಿ ಎಂದು ಬಿಡಿಸಿ ಹೇಳುತ್ತಾನೆ. ಪುಕ್ಕಟೆ ಏನೂ ಸಿಗುವುದಿಲ್ಲ ಎಂದು ಇಷ್ಟು ಮೊದಲೇ ಹೇಳಿದ್ದಾನಲ್ಲ ಎಂದು ನನಗೆ ಈಗಲೂ ಆಶ್ಚರ್ಯ.

ಅಲ್ಲೇ ದ್ರಾಕ್ಷಿ ಮತ್ತು ಆಲಿವ್ ಹಿಂಡುವ ಯಂತ್ರಗಳೂ ಇವೆ. ಹಳೆಯದು ಉದ್ದ ತೊಲೆಯದು. ಅದರ ತುದಿಗೆ ದೊಡ್ಡ ಕಲ್ಲು ನೇತುಹಾಕಿ ಒತ್ತಬೇಕು. ಜಾಗ ಜಾಸ್ತಿ, ಹಗ್ಗ ಹರಿದರೆ ಆಳಿಗೆ ಅಪಾಯ. ಹೊಸದರಲ್ಲಿ ತಿರುಪು ನೇರವಾಗಿ ಹಲಗೆಯನ್ನು ಒತ್ತುತ್ತದೆ. ಅದಕ್ಕೆ ಮರದ ತೂತಿನೊಳಗೆ ತಿರುಪಿನ ಗೀರು ಕೊರೆಯಬೇಕು. ಆ ಕೊರೆಯುವ ಉಪಕರಣ ಹೇಗೆ ಮಾಡುವುದು ಎಂದೂ ಬರೆದಿದ್ದಾನೆ. ಮನೆಯಲ್ಲಿ ನಟ್ಟು ಬೋಲ್ಟು ಕೈಗೆತ್ತಿಕೊಂಡಾಗ ನನಗೆ ನೆನಪಾಗುವುದು ಆ ಪುಟ. ಆವಿಯ ಚೆಂಡು ಯಾರ ಮನೆಗೂ ಎಣ್ಣೆ ತರಲಿಲ್ಲ. ತಿರುಪು ತಂದಿತು.

ಕೊನೆಗೆ ಮನೆಯಲ್ಲಿ ಮಾಡುವ ಪ್ರಯೋಗ. ಮೊದಲು ಒಂದು ಎಚ್ಚರಿಕೆ: ಡಬ್ಬಿಗೆ ನೀರು ಹಾಕಿ ಮುಚ್ಚಿ ಒಲೆಯ ಮೇಲಿಟ್ಟು ಆವಿಯ ಚೆಂಡು ಮಾಡಲು ದಯವಿಟ್ಟು ಹೋಗಬೇಡಿ. ಸಿಡಿದರೆ ಕಣ್ಣು ಹೋಗುತ್ತದೆ. ಅದರ ಬದಲು ಹೆರಾನನ ಕಾರಂಜಿ ಮಾಡಿ. ಕರೆಂಟೂ ಬೇಡ, ಬೆಂಕಿಯೂ ಬೇಡ.

ಎರಡು ಪ್ಲಾಸ್ಟಿಕ್ ಬಾಟಲಿ, ಒಂದು ಬಟ್ಟಲು, ಮೂರು ತೆಳು ಕೊಳವೆ ಬೇಕು. ಮೇಲೆ ಬಟ್ಟಲು, ನಡುವೆ ನೀರು ತುಂಬಿದ ಬಾಟಲಿ, ಕೆಳಗೆ ಖಾಲಿ ಬಾಟಲಿ. ಮೊದಲ ಕೊಳವೆ ಬಟ್ಟಲಿನ ತಳದಿಂದ ಕೆಳಗಿನ ಬಾಟಲಿಯ ತಳದವರೆಗೆ ಹೋಗಲಿ. ಎರಡನೆಯದು ಕೆಳಗಿನ ಬಾಟಲಿಯ ಕತ್ತಿನಿಂದ ನಡುವಿನ ಬಾಟಲಿಯ ನೀರಿನ ಮೇಲಿನ ಗಾಳಿಯ ಜಾಗಕ್ಕೆ. ಮೂರನೆಯದು ನಡುವಿನ ಬಾಟಲಿಯ ತಳದಿಂದ ಎದ್ದು ಬಟ್ಟಲಿನ ಮೇಲೆ ಸ್ವಲ್ಪ ತಲೆ ಎತ್ತಲಿ, ತುದಿ ಕಿರಿದಾಗಿರಲಿ. ಕೊಳವೆ ಹೊಕ್ಕ ಜಾಗವನ್ನೆಲ್ಲ ಎಂ-ಸೀಲ್ ಹಾಕಿ ಗಾಳಿ ಸೋರದಂತೆ ಮುಚ್ಚಿ, ಒಂದು ರಾತ್ರಿ ಒಣಗಲು ಬಿಡಿ.

ಈಗ ಬಟ್ಟಲಿಗೆ ಒಂದು ಲೋಟ ನೀರು ಹಾಕಿ. ಆ ನೀರು ಕೆಳಗಿನ ಬಾಟಲಿಗೆ ಇಳಿದು ಅಲ್ಲಿನ ಗಾಳಿಯನ್ನು ಒತ್ತುತ್ತದೆ. ಗಾಳಿ ನಡುವಿನ ಬಾಟಲಿಗೆ ಹೋಗಿ ಅಲ್ಲಿನ ನೀರನ್ನು ಒತ್ತುತ್ತದೆ. ಆ ನೀರು ಬಟ್ಟಲಿಗಿಂತ ಮೇಲೆ ಚಿಮ್ಮಿ, ಮತ್ತೆ ಬಟ್ಟಲಿಗೇ ಬೀಳುತ್ತದೆ. ಚಿಮ್ಮದಿದ್ದರೆ ಎಲ್ಲೋ ಗಾಳಿ ಸೋರುತ್ತಿದೆ ಎಂದರ್ಥ. ಸೀಲು ಮಾಡಿದ ಜಾಗಕ್ಕೆ ಸೋಪಿನ ನೀರು ಹಚ್ಚಿ, ಗುಳ್ಳೆ ಎಲ್ಲಿ ಏಳುತ್ತದೆ ನೋಡಿ. ಕಾರಂಜಿ ಸ್ವಲ್ಪ ಹೊತ್ತಿಗೆ ನಿಂತಾಗ ‘ಯಾಕೆ ನಿಂತಿತು?’ ಎಂದು ನೀವು ಅವಳನ್ನು ಕೇಳಿ. ತಕ್ಷಣ ಉತ್ತರ ಹೇಳಬೇಡಿ. ಮೂರೂ ಪಾತ್ರೆಯಲ್ಲಿ ನೀರು ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ಅವಳೇ ಅಳೆದು ನೋಡಲಿ.